ಹಿಮವನ್ನು ನಂಬದ ಸೇಫ್ಟಿ ಅಂಕಲ್

ಸೇಫ್ಟಿ ಅಂಕಲ್ ಅವರ ಬಲಗೈ ನಡುಬೆರಳಿನ ಗೆಣ್ಣು ಕಪ್ಪಗೆ ಜಡ್ಡುಗಟ್ಟಿ ಹೋಗಿತ್ತು. ಕಂಡದ್ದನ್ನೆಲ್ಲ ಅದರಿಂದ ತಟ್ಟಿ ನೋಡುವುದು ಅವರ ಅಭ್ಯಾಸ. ಗೋಡೆ, ಬಾಗಿಲು, ನೀರಿನ ಟ್ಯಾಂಕು, ಪ್ಲಾಸ್ಟಿಕ್ ಕುರ್ಚಿ, ಕಲ್ಲಂಗಡಿ ಹಣ್ಣು, ಯಾವುದನ್ನೂ ಬಿಟ್ಟವರಲ್ಲ. ನಮ್ಮ ಕೋಣೆಗೆ ಮೊದಲ ಸಲ ಚಹಾಕ್ಕೆ ಬಂದಾಗ ಸೋಫಾದ ಕೈಯನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ತುದಿಯಲ್ಲಿ ಕುಳಿತರು. ಚಹಾವನ್ನೂ ತಟ್ಟುತ್ತಾರೋ ಏನೋ ಎಂದು ನಾನು ನೋಡುತ್ತಿದ್ದೆ. ತಟ್ಟಲಿಲ್ಲ, ಮೂಸಿದರು.

ಎರಡು ಸಾವಿರದ ಹತ್ತು ಕಳೆದ ಮೇಲಿನ ವರ್ಷಗಳು ಅವು. ನಾವು ದುಬೈಯ ಸತ್ವಾದಲ್ಲಿ, ದರ್ಜಿ ಅಂಗಡಿಗಳ ಹಿಂದಿನ ಒಂದು ಹಳೆಯ ವಿಲ್ಲಾದಲ್ಲಿದ್ದೆವು. ವಿಲ್ಲಾ ಎಂದರೆ ಊರಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಪ್ಲೈವುಡ್ ಗೋಡೆ ಹಾಕಿ ಒಂದನ್ನು ಹಲವು ಮಾಡಿದ ಮನೆ ಅದು. ಒಬ್ಬರು ಸೀನಿದರೆ ಇನ್ನೊಬ್ಬರು ‘ಗಾಡ್ ಬ್ಲೆಸ್’ ಅನ್ನುವಷ್ಟು ಹತ್ತಿರ. ನಾನು ಊದ್ ಮೇಥಾದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ, ನಮ್ಮವರು ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿ. ಮನೆಯೊಳಗೆ ನಮ್ಮದು ಕೊಂಕಣಿ, ಸೇಫ್ಟಿ ಅಂಕಲ್ ಅವರದು ಕಾರ್ಕಳದ ತುಳು, ಅಂಗಳದಲ್ಲಿ ಎಲ್ಲರಿಗೂ ಕನ್ನಡ. ನನ್ನ ಮಗಳು ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು.

ಸೇಫ್ಟಿ ಅಂಕಲ್ ರುವೈಸ್‌ನ ಎಣ್ಣೆ ಕಾರ್ಖಾನೆಯಲ್ಲಿ ಸುರಕ್ಷತೆಯ ಇನ್‌ಸ್ಪೆಕ್ಟರ್. ಅಲ್ಲಿ ಕಂಪನಿಯ ಕ್ವಾರ್ಟರ್ಸ್ ಇತ್ತು, ಏಸಿ ಇತ್ತು, ಈಜುಕೊಳವೂ ಇತ್ತಂತೆ. ಆದರೂ ಪ್ರತಿ ಗುರುವಾರ ಸಂಜೆ ಬಸ್ಸು ಹತ್ತಿ ಅಷ್ಟು ದೂರದಿಂದ ಸತ್ವಾಕ್ಕೆ ಬಂದು, ಗೇಟಿನ ಪಕ್ಕದ ಚಿಕ್ಕ ಕೋಣೆಯಲ್ಲಿ ವಾರದ ರಜೆಯ ಶುಕ್ರವಾರ ಕಳೆದು ಹೋಗುತ್ತಿದ್ದರು. ಇದೇ ನಮಗೆಲ್ಲ ಸಂಶಯ. ಕ್ವಾರ್ಟರ್ಸ್ ಬಿಟ್ಟು ಈ ಗೂಡಿಗೆ ಯಾರು ಬರುತ್ತಾರೆ? ವಿಲ್ಲಾದ ಮಾಲೀಕನ ಕಡೆಯವರು ಎಂದು ಒಬ್ಬರು, ಬೇರೇನೋ ವ್ಯವಹಾರ ಎಂದು ಇನ್ನೊಬ್ಬರು. ನಾನೇ ಬಾಯಿಬಿಟ್ಟು ಕೇಳಿದಾಗ ಅವರು ನಕ್ಕಿದ್ದರು.

“ಅಲ್ಲಿ ವಾರ ಇಡೀ ಸೈರನ್ ಕೇಳಿ ಸಾಕಾಗ್ತದೆ ಮೇಡಂ. ಶುಕ್ರವಾರ ಒಂದು ಮಕ್ಕಳ ಗಲಾಟೆ ಬೇಕು.”

ಹೆಂಡತಿ ಮಕ್ಕಳು ಕಾರ್ಕಳದಲ್ಲಿದ್ದ ಮನುಷ್ಯ ಹೇಳಿದ ಮಾತು. ನಂಬಬೇಕಿತ್ತು. ನಾನು ಅರ್ಧ ನಂಬಿದೆ.

ಮೇಲಿನ ಪಾರ್ಟಿಷನ್‌ನಲ್ಲಿ ನನ್ನ ಗೆಳತಿಯೊಬ್ಬಳಿದ್ದಳು, ಅದೇ ಆಸ್ಪತ್ರೆಯ ನರ್ಸ್. ಅವಳೂ ಪಕ್ಕದ ಕೋಣೆಯವರೂ ಪ್ಲೈವುಡ್ ಗೋಡೆಗೆ ಒರಗಿಸಿ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಅಡಿಗೆ ಮಾಡುತ್ತಿದ್ದರು. ಕೆಳಗಿನ ಅಡಿಗೆಮನೆಯಲ್ಲಿ ಸರದಿ ಸಿಕ್ಕರೆ ತಾನೇ? ಸೇಫ್ಟಿ ಅಂಕಲ್ ಬಂದಾಗಲೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು, “ಅಮ್ಮಾ, ಅದನ್ನು ಕೆಳಗೆ ತನ್ನಿ” ಎನ್ನುತ್ತಿದ್ದರು. ಅವಳು “ಆಯ್ತು ಅಂಕಲ್” ಎಂದು ಒಗ್ಗರಣೆ ಹಾಕುತ್ತಿದ್ದಳು. ಒಂದು ದಿನ ಮುನ್ಸಿಪಾಲಿಟಿಯವರು ನೇರ ಮೇಲಕ್ಕೇ ಹೋದರು. ಪ್ಲೈವುಡ್ ಗೋಡೆಗಳು ಕೆಳಗೆ ಬಂದವು, ಎರಡು ಕುಟುಂಬಗಳು ಬೀದಿಗೆ ಬಂದವು. ಗೆಳತಿ ಮಕ್ಕಳನ್ನು ಊರಿಗೆ ಕಳಿಸಿ ತಾನು ಹಾಸ್ಟೆಲಿಗೆ ಹೋದಳು. ಕೆಳಗಿನ ನಮ್ಮ ಗೋಡೆಗಳನ್ನು ಯಾರೂ ಮುಟ್ಟಲಿಲ್ಲ. ದೂರು ಕೊಟ್ಟವರು ಯಾರು ಎಂದು ಯಾರೂ ಹೇಳಲಿಲ್ಲ, ಆದರೆ ಅಂದಿನಿಂದ ಸೇಫ್ಟಿ ಅಂಕಲ್ ಅಂಗಳಕ್ಕೆ ಬಂದರೆ ಮಾತು ನಿಲ್ಲುತ್ತಿತ್ತು. ಅವರು ಕುರ್ಚಿ ತಟ್ಟಿ, ಒಬ್ಬರೇ ಕುಳಿತು ಚಹಾ ಕುಡಿಯುತ್ತಿದ್ದರು.

ನಮ್ಮದೊಂದು ನಡಿಗೆಯ ಬಳಗವಿತ್ತು. ಚಳಿಗಾಲದ ಶುಕ್ರವಾರಗಳಲ್ಲಿ ರಾಸ್ ಅಲ್ ಖೈಮಾದ ಕಲ್ಲುಬೆಟ್ಟಗಳಿಗೆ ಹೋಗಿ, ವಾದಿಯ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಹೊಳೆಯ, ನೆರಳಿನಲ್ಲಿ ಬಿರಿಯಾನಿ ತಿಂದು ಬರುವುದು. ನಮ್ಮವರ ಸಹೋದ್ಯೋಗಿಯೊಬ್ಬರು ಅದಕ್ಕೆ ಲೀಡರ್. ಒಮ್ಮೆ ಸೇಫ್ಟಿ ಅಂಕಲ್ ತಾವೂ ಬರುತ್ತೇನೆಂದರು. ನಾವು ವಾದಿಯಲ್ಲಿ ಚಾಪೆ ಹಾಸಿ ಪಾತ್ರೆ ಬಿಚ್ಚುವಷ್ಟರಲ್ಲಿ ಅವರು ದೂರದ ಶಿಖರದ ಮೇಲಿನ ಮೋಡ ನೋಡುತ್ತ ನಿಂತುಬಿಟ್ಟರು.

“ಇಲ್ಲಿ ಊಟ ಬೇಡ. ಮೇಲೆ ಹೋಗುವ.”

“ಮಳೆ ಎಲ್ಲುಂಟು ಅಂಕಲ್?”

“ಇಲ್ಲಿ ಇಲ್ಲ. ಅಲ್ಲಿ ಬಂದ್ರೆ ನೀರು ಬರುವುದು ಇಲ್ಲಿಗೆ.”

“ನೀರು ಬರುವುದಾದ್ರೆ ಪೊಲೀಸರು ದಾರಿ ಬಂದ್ ಮಾಡ್ತಿದ್ರಲ್ಲ!” ಎಂದರು ಲೀಡರ್.

ಆದರೂ ಅವರು ಬಿಡಲಿಲ್ಲ. ಬಿರಿಯಾನಿ ಹೊತ್ತುಕೊಂಡು ಬಂಡೆ ಹತ್ತಿ, ಸುಡುವ ಬಿಸಿಲಿನಲ್ಲಿ ಕುಳಿತು ತಿಂದೆವು. ಒಂದು ಹನಿ ಮಳೆ ಬರಲಿಲ್ಲ, ವಾದಿಗೆ ನೀರೂ ಬರಲಿಲ್ಲ. ಅಲ್ಲಿಂದ ಮುಂದೆ ಅವರನ್ನು ಯಾರೂ ಕರೆಯಲಿಲ್ಲ. ಖಲಾಸ್.

ಲೀಡರ್ ಆಡಿದ ಆ ಮಾತು ನಮ್ಮೆಲ್ಲರ ಮಾತೇ ಆಗಿತ್ತು. ಕೊಲ್ಲಿಯಲ್ಲಿ ಇಷ್ಟು ವರ್ಷ ಇದ್ದು ನಮಗೊಂದು ಅಭ್ಯಾಸವಾಗಿಬಿಟ್ಟಿತ್ತು. ಅಪಾಯವಿದ್ದಲ್ಲಿ ದಾರಿಗೆ ಅಡ್ಡ ಪಟ್ಟಿ ಕಟ್ಟುತ್ತಾರೆ, ಪೊಲೀಸ್ ಗಾಡಿ ನಿಲ್ಲುತ್ತದೆ, ಫೋನಿಗೆ ಮೆಸೇಜ್ ಬರುತ್ತದೆ. ಪಟ್ಟಿ ಇಲ್ಲದಿದ್ದರೆ ಹೋಗಬಹುದು. ಇದರಲ್ಲಿ ತಪ್ಪೇನಿದೆ ಎಂದು ನಾನೂ ತಿಳಿದಿದ್ದೆ.

ಒಂದು ಡಿಸೆಂಬರಿನಲ್ಲಿ, ಕ್ರಿಸ್ಮಸ್ ಮುಗಿದ ಮೇಲೆ, ಬಳಗ ಜಾರ್ಜಿಯಾಕ್ಕೆ ಹೊರಟಿತು. ಕೊಲ್ಲಿಯ ವೀಸಾ ಇದ್ದವರಿಗೆ ಅಲ್ಲಿ ಬೇರೆ ವೀಸಾ ಬೇಡ, ಹಿಮ ಬೇಕಾದಷ್ಟು. ನನಗೆ ಡ್ಯೂಟಿ, ರಜೆ ‘ಮಾಫಿ’, ಅರಬರ ಮಾತಿನಲ್ಲಿ ಇಲ್ಲವೇ ಇಲ್ಲ. ನಮ್ಮವರು ಆರನೆಯ ತರಗತಿಯ ಮಗಳನ್ನು ಕರೆದುಕೊಂಡು ಲೀಡರ್ ದಂಪತಿಯ ಜೊತೆ ಹೋದರು. ಅಲ್ಲಿ ಇಳಿದದ್ದೇ ತಡ, ಹಿಮಗಾಳಿ ಎದ್ದು, ಬೆಟ್ಟದೂರಿನ ಹೋಟೆಲಿನಿಂದ ಹೊರಗೆ ಕಾಲಿಡಲು ಆಗದೆ ಕಾರ್ಡ್ಸ್ ಆಡುತ್ತ ಕುಳಿತರು. ಗುರುವಾರ ರಾತ್ರಿ ಗಾಳಿ ನಿಂತಿತು. ಶನಿವಾರ ವಾಪಸು ವಿಮಾನ. ಬೆಟ್ಟದ ಮೇಲೆ ಒಂದು ಪುರಾತನ ಇಗರ್ಜಿ ಇತ್ತು, ಕಲ್ಲಿನ ಚರ್ಚು. ಅದನ್ನು ನೋಡಲು ಉಳಿದಿದ್ದು ಶುಕ್ರವಾರ ಮಾತ್ರ.

ಆ ಬೆಳಿಗ್ಗೆ ನಾನು ದುಬೈಯ ನಮ್ಮ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದಾಗ ಸೇಫ್ಟಿ ಅಂಕಲ್ ಅಂಗಳದಲ್ಲಿ ಒಬ್ಬರೇ ಇದ್ದರು. ಅದೇ ಹೊತ್ತಿಗೆ ನಮ್ಮವರ ಫೋಟೋ ಬಂತು. ನೀಲಿ ಆಕಾಶ, ಬಿಳಿ ಬೆಟ್ಟ, ಕೆಂಪು ಜಾಕೆಟಿನಲ್ಲಿ ನನ್ನ ಮಗಳು. ಯಾರಿಗಾದರೂ ತೋರಿಸಬೇಕೆನಿಸಿತು, ಎದುರಿಗಿದ್ದವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ ನೋಡಿದರು. ಬೆರಳಿನಿಂದ ಚಿತ್ರ ಹಿಗ್ಗಿಸಿ, ನನ್ನ ಮಗಳನ್ನು ಬದಿಗೆ ಸರಿಸಿ, ಹಿಂದಿನ ಬೆಟ್ಟವನ್ನು ನೋಡತೊಡಗಿದರು.

“ಇದು ಈಗ ತೆಗೆದದ್ದಾ?”

“ಈಗಲೇ. ಚಂದ ಉಂಟಲ್ವಾ?”

“ಚಂದ ಉಂಟು. ಕಾಡಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಬೋಳು ಪಟ್ಟಿ ಕಾಣ್ತದಲ್ಲ, ಅಲ್ಲಿಯ ಮರ ಎಲ್ಲಿ ಹೋಯ್ತು?”

“ಕಡಿದಿರ್ಬೇಕು. ಮಕ್ಕಳಿಗೆ ಜಾರಿ ಆಡ್ಲಿಕ್ಕೆ.”

“ಮನುಷ್ಯರು ಹೀಗೆ ಕಡಿಯುವುದಿಲ್ಲ. ಮೇಲಿಂದ ಹಿಮ ಕುಸಿದು ಹೊತ್ತುಕೊಂಡು ಹೋದದ್ದು. ಈ ವರ್ಷದ್ದಲ್ಲ, ಪ್ರತಿ ವರ್ಷದ್ದು. ಇವರು ಹೋಗುವ ದಾರಿ ಯಾವುದು?”

ನನಗೆ ಸಿಟ್ಟು ಬಂತು. ಕರೆಯದೆ ಹೋದದ್ದಕ್ಕೆ ಹೊಟ್ಟೆಯುರಿ ಎಂದುಕೊಂಡೆ. ನಿಮಗೆ ಹಿಮದ ವಿಷಯ ಏನು ಗೊತ್ತು ಎಂದು ಕೇಳಿಯೂಬಿಟ್ಟೆ. ಕೊಲ್ಲಿಗೆ ಬರುವ ಮೊದಲು ಹಿಮಾಚಲದಲ್ಲಿ ಜಲವಿದ್ಯುತ್ ಸುರಂಗದ ಕೆಲಸದಲ್ಲಿದ್ದರಂತೆ. ಅಲ್ಲಿ ಹಿಮ ಬಿದ್ದ ಮರುದಿನ, ಜನರನ್ನು ರಸ್ತೆಗೆ ಬಿಡುವ ಮೊದಲು ಬೆಟ್ಟವನ್ನು ನೋಡಿ ಹೇಳುವುದು ಅವರ ಕೆಲಸವಾಗಿತ್ತಂತೆ. ಈ ಮಾತು ಅದುವರೆಗೆ ನಾವು ಯಾರೂ ಕೇಳಿರಲಿಲ್ಲ. ಬೇಕಾದಾಗ ಹುಟ್ಟಿದ ಕತೆಯೋ ಎಂಬ ಗುಮಾನಿಯೂ ಬಂತು.

“ಫೋನ್ ಮಾಡಿ” ಎಂದರು. ಮಾಡಿ ಸ್ಪೀಕರಿಗೆ ಹಾಕಿದೆ. ನಮ್ಮವರು ಏದುಸಿರು ಬಿಡುತ್ತಿದ್ದರು, ಖುಷಿಯಲ್ಲಿದ್ದರು.

“ಹಿಮ ಎಷ್ಟು ಬಿದ್ದಿದೆ?” ಎಂದು ಸೇಫ್ಟಿ ಅಂಕಲ್ ಕೇಳಿದರು.

“ಮೊಣಕಾಲಿಗೆ ಬರ್ತದೆ ಅಂಕಲ್. ಎಲ್ಲ ಹೊಸತು, ಹತ್ತಿ ಹಾಗೆ.”

“ಗಾಳಿ ಎತ್ತಲಿಂದ ಇತ್ತು?”

“ಅದೆಲ್ಲ ನಮಗೆ ಹೇಗೆ ಗೊತ್ತು?”

“ಹೋಟೆಲಿನ ಎದುರು ಕಾರುಗಳಿಗೆ ಯಾವ ಬದಿಗೆ ಹಿಮ ಮೆತ್ತಿತ್ತು?”

ಹಿಂದಿನಿಂದ ಮಗಳು ಕೂಗಿದಳು. “ಅಂಕಲ್, ಒನ್ ಸೈಡ್ ವಾಸ್ ಕ್ಲೀನ್! ದಿ ಅದರ್ ಸೈಡ್, ಡೋರೇ ಕಾಣ್ಲಿಲ್ಲ!” ಯಾವ ಬದಿ ಎಂದು ಅವಳ ಕೈಯಲ್ಲೇ ಹೇಳಿಸಿದರು. ಬೆಟ್ಟದ ಕಡೆಯ ಬದಿ ಬೋಳಾಗಿತ್ತು. ಗಾಳಿ ಬೆಟ್ಟದ ಆಚೆಯಿಂದ ಬಂದಿತ್ತು ಎಂದಾಯಿತು.

“ನೀವು ಅಡ್ಡಕ್ಕೆ ದಾಟುವ ಇಳಿಜಾರು ಎಷ್ಟು ಕಡಿದು? ನಮ್ಮ ವಿಲ್ಲಾದ ಟೆರೇಸಿನ ಮೆಟ್ಟಿಲಿನಷ್ಟಾ?”

“ಅಷ್ಟೇ ಇರ್ಬಹುದು.”

“ಕೆಳಗೆ ಎಂತ ಉಂಟು?”

“ತೋಡು. ಆಳ ಉಂಟು.”

“ಇಲ್ಲಿವರೆಗೆ ನಡೀತಾ ಬರುವಾಗ, ಕಾಲಡಿಗೆ ಹಿಮ ಒಮ್ಮೆಲೇ ಕುಳಿತ ಹಾಗೆ ‘ಧುಮ್’ ಅಂತ ಶಬ್ದ ಬಂತಾ? ಬಿರುಕು ಏನಾದ್ರೂ ಬಿಟ್ಟಿತಾ?”

“ಇಲ್ಲ ಇಲ್ಲ. ಎಂತ ಶಬ್ದ? ಏನೂ ಇಲ್ಲ. ಬೇರೆಯವರು ಹೋದ ಹೆಜ್ಜೆ ಉಂಟು ಅಂಕಲ್, ದಾರಿ ಓಪನ್ ಉಂಟು. ಡೇಂಜರ್ ಇದ್ರೆ ಬಂದ್ ಮಾಡ್ತಿದ್ರು. ಲೀಡರ್ ಕರೀತಾ ಇದ್ದಾರೆ, ಆಮೇಲೆ ಮಾತಾಡುವ.”

ಫೋನ್ ಕಟ್ಟಾಯಿತು. ಸೇಫ್ಟಿ ಅಂಕಲ್ ಸ್ವಲ್ಪ ಹೊತ್ತು ಫೋನನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡದೆ ಮಾತಾಡಿದರು.

“ಮರಳಿನ ದಿಬ್ಬ ನೋಡಿದ್ದೀರಲ್ಲ. ಗಾಳಿ ಬಂದ ಬದಿ ಗಟ್ಟಿ ಇರ್ತದೆ. ಗಾಳಿ ಹೊತ್ತು ತಂದದ್ದೆಲ್ಲ ಆಚೆ ಬದಿಗೆ ಬೀಳ್ತದೆ, ಅಲ್ಲಿ ಕಾಲಿಟ್ರೆ ಇಡೀ ಬದಿಯೇ ಜಾರ್ತದೆ. ಹಿಮವಾದ್ರೆ ಜಾರುವ ಮೊದಲು ಕೆಲವೊಮ್ಮೆ ಆ ‘ಧುಮ್’ ಕೇಳ್ತದೆ, ಕೆಲವೊಮ್ಮೆ ಅದೂ ಇಲ್ಲ. ಇವರು ಈಗ ಆಚೆ ಬದಿಯಲ್ಲಿದ್ದಾರೆ. ಹೆಜ್ಜೆ ಇದ್ರೆ ಯಾರೋ ಹೋಗಿದ್ದಾರೆ ಅಂತ ಅಷ್ಟೇ ಅರ್ಥ. ಅಲ್ಲಿ ಬಂದ್ ಮಾಡುವವರು ಯಾರೂ ಇಲ್ಲ ಮೇಡಂ. ಮಗುವನ್ನು ಹಿಂದೆ ಕರೆಸಿ.”

ನಾನು ಆ ಫೋಟೋವನ್ನು ಮತ್ತೆ ತೆರೆದು ನೋಡಿದೆ. ಅದರ ಬೆನ್ನಿಗೇ ಹಳೆಯದೆಲ್ಲ ನೆನಪಾಯಿತು. ಬಂಡೆಯ ಮೇಲಿನ ಬಿರಿಯಾನಿ, ಬಾರದ ಮಳೆ, ಬೀದಿಗೆ ಬಿದ್ದ ಗೆಳತಿಯ ಪೆಟ್ಟಿಗೆಗಳು. ಎಲ್ಲದರ ಮೇಲೂ ಅನುಮಾನ ಪಡುವ ಈ ಮನುಷ್ಯನ ಮಾತು ಕೇಳಿ, ಅಷ್ಟು ದೂರ ಹೋದ ಗಂಡನನ್ನು ಎಲ್ಲರ ಎದುರು ಹಿಂದಕ್ಕೆ ಕರೆಯುವುದೇ? ಕರೆಯದಿದ್ದರೆ, ಅಲ್ಲಿರುವುದು ನನ್ನ ಒಬ್ಬಳೇ ಮಗಳು.

“ನಿಮ್ಮನ್ನು ನಾನು ಹೇಗೆ ನಂಬುವುದು?” ಎಂದು ಕೇಳಿದೆ. ದನಿ ಏರಿಯೇ ಹೋಯಿತು. “ಮುನ್ಸಿಪಾಲಿಟಿಗೆ ಹೇಳಿದ್ದು ನೀವೇ ಅಲ್ವಾ? ಸತ್ಯ ಹೇಳಿ.”

ಅವರು ತಡವರಿಸಲಿಲ್ಲ.

“ಹೌದು, ನಾನೇ. ಅವರಿಗೆ ಹೇಳಿ ಹೇಳಿ ಸಾಕಾಯ್ತು. ಆ ಗೋಡೆಯ ಆಚೆ ಎರಡು ಮಕ್ಕಳು ಮಲಗ್ತಿದ್ರು. ಕಡೆಗೆ ಹೇಳ್ಬೇಕಾದವರಿಗೆ ಹೇಳಿದೆ. ಅದರ ಜಗಳ ಆಮೇಲೆ ಮಾಡಿ, ನಾನು ಎಲ್ಲಿಗೂ ಓಡುವುದಿಲ್ಲ. ಈಗ ಫೋನ್ ಮಾಡ್ತೀರಾ?”

ಅದನ್ನು ಒಪ್ಪಿಕೊಳ್ಳಲು ಅದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ. ‘ನಾನಲ್ಲ’ ಎಂದಿದ್ದರೆ ನಾನು ಆಗಲೇ ಫೋನ್ ಎತ್ತುತ್ತಿದ್ದೆನೋ ಏನೋ, ಅದು ಅವರಿಗೂ ಗೊತ್ತಿತ್ತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇಷ್ಟು ಕಷ್ಟದ ನಿಜ ಹೇಳಿದವರು ಹಿಮದ ವಿಷಯದಲ್ಲಿ ಸುಳ್ಳು ಹೇಳಲಾರರು ಎಂದು ನನಗೆ ಅನಿಸಿತು. ನಾನು ಫೋನ್ ಮಾಡಿದೆ.

ನಮ್ಮವರು ಕೊಂಕಣಿಯಲ್ಲಿ ಬೈದರು. ತಲೆ ಕೆಟ್ಟಿದೆಯಾ, ಆ ಮುದುಕನ ಮಾತು ಕೇಳುತ್ತೀಯಾ, ಲೀಡರ್ ಹೆಂಡತಿಯೇ ಹೋಗುತ್ತಿದ್ದಾಳೆ, ನನ್ನ ಮರ್ಯಾದೆ ಏನಾಗಬೇಕು ಎಂದರು. ವಾದ ಮಾಡಿದರೆ ನಾನು ಸೋಲುತ್ತೇನೆಂದು ನನಗೆ ಗೊತ್ತಿತ್ತು. ಮಗಳಿಗೆ ಕೊಡಿ ಎಂದೆ.

“ಮಮ್ಮಾ, ವಿ ಆರ್ ಆಲ್ಮೋಸ್ಟ್ ದೇರ್!”

“ಅಲ್ಲಿಯೇ ಕೂತುಕೋ. ಯಾರು ಎಬ್ಬಿಸಿದ್ರೂ ಏಳ್ಬೇಡ. ಬಂದ ಹೆಜ್ಜೆಯಲ್ಲೇ ವಾಪಸ್ ಹೋಗುವುದಾದ್ರೆ ಮಾತ್ರ ಏಳು.”

ಅವಳು ಅತ್ತಳು, ‘ನಾಟ್ ಫೇರ್’ ಎಂದಳು. ಆದರೆ ಕೂತಳು. ನನ್ನ ಮಗಳ ಹಟ ಅವಳಪ್ಪನಿಗೆ ಚೆನ್ನಾಗಿ ಗೊತ್ತು. ಕೊನೆಗೆ ನಮ್ಮವರು ಅವಳನ್ನು ಕರೆದುಕೊಂಡು ಹೋಟೆಲಿಗೆ ಮರಳಿದರು. ಲೀಡರ್ ದಂಪತಿ ನಗುತ್ತ ಮುಂದೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಲೀಡರ್ ಫೋಟೋ ಕಳಿಸಿದರು. ಇಗರ್ಜಿಯ ಕಲ್ಲುಗೋಡೆಯ ಮುಂದೆ ಗಂಡ ಹೆಂಡತಿ ಇಬ್ಬರೂ ಹೆಬ್ಬೆರಳು ಎತ್ತಿ ನಿಂತಿದ್ದರು. ನಾನು ಅದನ್ನು ಸೇಫ್ಟಿ ಅಂಕಲ್ ಮುಖಕ್ಕೆ ಹಿಡಿದೆ. ‘ನೋಡಿ, ಏನೂ ಆಗಲಿಲ್ಲ’ ಎನ್ನುವ ಉರಿ ನನ್ನಲ್ಲಿತ್ತು. ಅವರು ಕೈ ಮುಗಿದರು.

“ದೇವರು ದೊಡ್ಡವ. ಅವರು ಇಳಿದ್ರಾ ಕೇಳಿ.”

“ಹತ್ತಿದವರು ಇಳಿಯುವುದಿಲ್ವಾ?”

“ಈಗ ಬಿಸಿಲು ಏರಿದೆ. ಇಳಿದ್ರಾ ಕೇಳಿ.”

ಅವರು ಅಂಗಳ ಬಿಟ್ಟು ಏಳಲಿಲ್ಲ. ನಮಾಜು ಮುಗಿದು ದರ್ಜಿ ಅಂಗಡಿಗಳು ತೆರೆದವು. ನಾನು ಸಾರು ಅನ್ನ ತಂದುಕೊಟ್ಟೆ, ಅದು ಹಾಗೆಯೇ ತಣಿಯಿತು. ಲೀಡರ್ ದಂಪತಿ ಹೋಟೆಲು ಮುಟ್ಟಿದರೆಂದು ಸಂಜೆಗೆ ತಿಳಿದ ಮೇಲೆಯೇ ಅವರು ತಟ್ಟೆಗೆ ಕೈ ಹಾಕಿದ್ದು. ತಮ್ಮನ್ನು ಗೇಲಿ ಮಾಡಿದವರಿಗಾಗಿ ಹಸಿದು ಕೂತ ಮನುಷ್ಯ, ತಮ್ಮ ಮಾತು ಸುಳ್ಳಾಯಿತೆಂದು ಒಂದಿಷ್ಟೂ ಸಪ್ಪಗಾಗಿರಲಿಲ್ಲ. ನಾನೇ ಕೆಣಕಿದೆ.

“ಕಡೆಗೂ ಏನೂ ಆಗ್ಲಿಲ್ಲ ಅಲ್ವಾ ಅಂಕಲ್?”

“ಆಗ್ಲಿಲ್ಲ. ಆಗ್ಬೇಕಿತ್ತು ಅಂತ ನನಗೆ ಆಸೆ ಉಂಟಾ ಮಾರಾಯ್ರೆ?” ಎಂದವರು, ತಟ್ಟೆ ತೊಳೆದು ಕೊಡುವಾಗ ಇನ್ನೊಂದು ಮಾತು ಸೇರಿಸಿದರು. “ಯಜಮಾನರು ಬಂದ ಮೇಲೆ ಜಾಸ್ತಿ ಕೇಳ್ಲಿಕ್ಕೆ ಹೋಗ್ಬೇಡಿ. ಮಗುವನ್ನು ಕರ್ಕೊಂಡು ಬರ್ತಾರಲ್ಲ, ಸಾಕು.”

ಅದೇನು ಮಾತು ಎಂದು ನನಗೆ ಆಗ ತಿಳಿಯಲಿಲ್ಲ. ಗಂಡ ಹೆಂಡತಿ ನಡುವೆ ಜಗಳ ಬೇಡವೆಂದು ಹೇಳಿರಬೇಕು ಎಂದುಕೊಂಡೆ.

ಆಮೇಲೆ ವರ್ಷಗಟ್ಟಲೆ ನಾವು ಬಳಗದ ನಗೆಪಾಟಲು. ‘ಹಿಮದ ಮೇಲೆ ಕೇಸು ಹಾಕಿದ ಅಂಕಲ್’ ಎಂದು ಅವರಿಗೊಂದು ಹೆಸರು ಬಿತ್ತು, ನನಗೆ ‘ರಿಮೋಟ್ ಕಂಟ್ರೋಲ್’ ಎಂದು. ನಮ್ಮವರು ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು, ಅಂಕಲ್ ದನಿಯಲ್ಲಿ ‘ಧುಮ್ ಅಂತ ಬಂತಾ’ ಎಂದು ಅನುಕರಣೆ ಬೇರೆ. ಸೇಫ್ಟಿ ಅಂಕಲ್ ಎದುರಿಗೇ ಇದ್ದಾಗಲೂ ಮಾಡಿದ್ದುಂಟು. ಅವರು ತಲೆ ತಗ್ಗಿಸಿ ಮುಗುಳ್ನಕ್ಕು ಚಹಾ ಕುಡಿಯುತ್ತಿದ್ದರು. ನನ್ನೊಳಗೂ ಅನುಮಾನ ಉಳಿದೇ ಇತ್ತು. ಅಂದು ನಾನು ಮಗಳನ್ನು ಉಳಿಸಿಕೊಂಡೆನೋ, ಒಬ್ಬ ಪುಕ್ಕಲ ಮನುಷ್ಯನ ಮಾತಿಗೆ ಅವಳ ಖುಷಿ ಕೆಡಿಸಿದೆನೋ? ಹೇಳುವವರು ಯಾರು?

ಗೆಳತಿಯ ವಿಷಯದಲ್ಲಿ ನಾನು ಅವರೊಡನೆ ಜಗಳವಾಡಿದೆ, ಹೇಳಿದ ಹಾಗೆ ಅವರು ಎಲ್ಲಿಗೂ ಓಡಲಿಲ್ಲ. ಮಕ್ಕಳಿಂದ ಅಗಲಿ ಹಾಸ್ಟೆಲಿನಲ್ಲಿ ಅತ್ತವಳ ಮುಖ ನಾನು ಕಂಡವಳು. ಆ ಒಂದು ಲೆಕ್ಕ ಇಂದಿಗೂ ನನ್ನ ಮನಸ್ಸಿನಲ್ಲಿ ಪೂರ್ತಿ ಚುಕ್ತಾ ಆಗಿಲ್ಲ. ಅವರೂ ಚುಕ್ತಾ ಮಾಡಿ ಎಂದು ಕೇಳಲಿಲ್ಲ. ನಿವೃತ್ತಿಯಾಗಿ ವೀಸಾ ರದ್ದಾಗುವ ಮುನ್ನ ಹೇಳಿಹೋಗಲು ಬಂದಾಗ, ನಾವು ಆಗಷ್ಟೇ ಸೇರಿದ್ದ ಫ್ಲ್ಯಾಟಿನ ಬಾಲ್ಕನಿಯ ಸರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದರು. ಒಂದು ಸಡಿಲವಿತ್ತು. ವಾಚ್‌ಮನ್‌ನನ್ನು ಕರೆಸಿ, ಸರಿ ಮಾಡಿಸುವವರೆಗೆ ಕುಳಿತಿದ್ದು ಹೋದರು.

ಅವರು ತೀರಿಕೊಂಡ ಸುದ್ದಿ ಒಂದು ಶುಕ್ರವಾರ ಮಧ್ಯಾಹ್ನ ಬಂತು. ಕಾರ್ಕಳದಲ್ಲಿ, ಮಲಗಿದಲ್ಲೇ ಹೋದರಂತೆ. ನಾನು ಓದಿ ಹೇಳಿದೆ. ನಮ್ಮವರು ಮೀನಿನ ಮುಳ್ಳು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ಏನಾದರೂ ತಮಾಷೆ ಮಾಡುತ್ತಾರೆ, ಇಂದಾದರೂ ಬೇಡ ಎನ್ನಬೇಕು ಎಂದು ನಾನು ಕಾದೆ. ಅವರು ತಟ್ಟೆಯನ್ನು ಬದಿಗೆ ಸರಿಸಿದರು.

“ಶಬ್ದ ಬಂದಿತ್ತು” ಎಂದರು ಆಮೇಲೆ.

“ಯಾವ ಶಬ್ದ?”

“ಅವತ್ತು ಹಿಮದಲ್ಲಿ. ನಾನು ಎಲ್ಲರಿಗಿಂತ ಮುಂದೆ ಇದ್ದೆ. ಕಾಲಡಿಗೆ ನೆಲವೇ ಕುಳಿತ ಹಾಗೆ ಆಯ್ತು. ನನ್ನ ಬೂಟಿನಿಂದ ಒಂದು ಬಿರುಕು ಹೊರಟು ಆ ಇಳಿಜಾರಿನ ಕಡೆಗೆ ಓಡಿತು. ಆ ಕಡೆ ಈ ಕಡೆಯ ಹಿಮ ಒದ್ದು ಅದನ್ನು ಮುಚ್ಚಿಬಿಟ್ಟೆ.”

“ಅಂಕಲ್ ಕೇಳಿದ್ರಲ್ಲ! ನೀವು ಇಲ್ಲ ಅಂದ್ರಿ.”

“ಲೀಡರ್ ಎದುರಿಗೇ ನಿಂತಿದ್ದ. ಮೊದಲು ಹೆದರಿದವ ನಾನಾಗ್ಬಾರದು ಅಂತ ಇಲ್ಲ ಅಂದೆ. ಬಂದ ಮೇಲೆ, ಅಂಕಲ್ ನಿನಗೆ ಹೇಳಿಬಿಟ್ಟಿದ್ದಾರೆ ಅಂತಲೇ ತಿಳಿದಿದ್ದೆ. ಅವರಿಗೆ ನನ್ನ ದನಿಯಲ್ಲೇ ಗೊತ್ತಾಗಿರ್ಬೇಕು. ನಾನು ಅವರನ್ನು ಅಷ್ಟು ಗೇಲಿ ಮಾಡಿದೆನಲ್ಲ, ಒಮ್ಮೆಯೂ ಬಾಯಿಬಿಡಲಿಲ್ಲ.”

ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಯಾರ ಮೇಲೆಂದು ತಿಳಿಯಲಿಲ್ಲ. ಒಳಕೋಣೆಯಲ್ಲಿ ಮಗಳು ಗೆಳತಿಯೊಡನೆ ಫೋನಿನಲ್ಲಿ ಏನೋ ಹೇಳಿ ಗಟ್ಟಿಯಾಗಿ ನಗುತ್ತಿದ್ದಳು. ಬೇರೆ ದಿನವಾಗಿದ್ದರೆ ಮೆಲ್ಲಗೆ ಮಾತಾಡು ಎಂದು ಗದರುತ್ತಿದ್ದೆ. ನಾವಿಬ್ಬರೂ ಊಟ ಬಿಟ್ಟು, ಆ ನಗು ಕೇಳುತ್ತ ಕುಳಿತೆವು.